ಪೇಟಿಯೊಳಗಿನ ಹಿಟ್ಟು

ಕಮಲಾಪುರದ ಟೇಸನ್ನಿನಿಂದ ಎರಡು ಮೈಲಿ
ಕೆಂಪು ಬಾಳಿ ತೋಟದ ಬದಿಗೆ ನಡದು ಹೋದೆ.
ಬಗಲಾಗ ಚೀಲ; ಅದರಾಗ ಅರ, ಇಕ್ಕಳ, ಮೇಣದ ಮುದ್ದಿ,
ಒಂದಿಷ್ಟು ಆಡಿನ ತೊಗಲು.

"ಮೊಯಿನ್ ಸಾಬರಾ? ಬರ್ರಿ, ಪೇಟಿ ಒಳಗದ"
ಅಂದಳು ಸುಗಲಾಬಾಯಿ.
ಒಳಗಂದ್ರ ಅಡಗಿ ಮನಿ.
ಹಿಟ್ಟಿನ ಡಬ್ಬಿಗೂ ಉಪ್ಪಿನ ಭರಣಿಗೂ ನಡುವ
ಇನ್ನೊಂದು ಡಬ್ಬಿಯಂಗ ಕೂತಿತ್ತು ಪೇಟಿ,
ಮ್ಯಾಲ ಒಂದು ಬೆಳ್ಳೊಳ್ಳಿ ಗಡ್ಡಿ.

ಮೂವತ್ತು ವರ್ಷ ಆತು ಈ ಕಸಬಿಗೆ.
ಗುಡಿ ಪೇಟಿ ಬಿಚ್ಚಿದರ ಕುಂಕುಮ ಉದುರ್ತದ,
ದರ್ಗಾದ ಪೇಟಿಯಾಗ ಊದಿನ ಬೂದಿ,
ಸಾಲಿ ಪೇಟಿಯಾಗ ಸೀಮಿಸುಣ್ಣ,
ಒಮ್ಮೆ ಯಾವದೋ ಹುಡುಗನ ಹಾಲಹಲ್ಲು.
ಇಕಿ ಪೇಟಿ ಬಿಚ್ಚಿದೆ: ಜೋಳದ ಹಿಟ್ಟು.
ರೀಡು ರೀಡಿನ ಸಂದಿಗೆ ಮೆತ್ತಗ ಕೂತಿತ್ತು.
ಪಂಚಮದ ಬಾಯಾಗ ಒಂದು ಎಳ್ಳು.
ಭಾತಾದ ಮಡಿಕಿಯಾಗ ಶೇಂಗಾ ಹಿಂಡಿ;
ಖಾರ ಮೂಗಿಗಡರಿ ಮೂರು ಸಲ ಸೀನಿದೆ.
ಕಟ್ಟಿ ಮ್ಯಾಲಿಂದ ಅವರತ್ತಿ ನಕ್ಕಳು:
"ರೊಟ್ಟಿ ಬಡಿಯೋ ಕೈಲೇ ಪೇಟಿ ಹಿಡೀತಾಳ್ರಿ.
ಕೈ ತೊಳಿಯವ್ವಾ ಅಂದ್ರ
ತೊಳಿಯೂತನಕ ಹಾಡು ಹೋಗ್ತದ ಅಂತಾಳ."

ನಾ ತೊಗಲು ಅಂಟಸ್ಲತ್ತಿದ್ದೆ,
ಆಕಿ ಒಲಿ ಮುಂದ ಕೂತಳು.
ಅಂಗೈ ಬೀಳೂತನಕ ಬರೀ ಹಿಟ್ಟು,
ಬಿದ್ದ ಮ್ಯಾಲ ಠೇಕಾ.
ರೊಟ್ಟಿ ಅಗಲಾದಂಗ ಲಯ ತೆಳ್ಳಗಾಗ್ತದ,
ಎತ್ತಿ ಹಂಚಿಗೆ ಬಿಟ್ಟಾಗ ಸಮ.
ನಾ ತಲಿ ಆಡಿಸಿದ್ದು ಆಕಿ ನೋಡಲಿಲ್ಲ.

ಸ್ವರ ಹಚ್ಚಿ ನೋಡಿದೆ. ಎಲ್ಲಾ ಛಲೋ, ನಿ ಮಾತ್ರ ಕೆಳಗ.
ಬಾಳ ಅಲ್ಲ, ಕೂದಲೆಳಿಯಷ್ಟು.
ಅರ ತಗೊಂಡೆ. ತುದಿ ಕೆರದರ ಏರ್ತದ,
ಎರಡು ನಿಮಿಷದ ಕೆಲಸ.
"ಅದಕ್ಕ ಮುಟ್ಟಬ್ಯಾಡ್ರಿ."
"ಬಾಯಿ, ಅದು ತಪ್ಪದ."
"ಇರಲಿ. ನಮ್ಮತ್ತಿ ಅದರ ಮ್ಯಾಲೇ ನಿಂದರ್ತಾಳ,
ಸೋಮವಾರದ ಭಜನಿ ಮಂದಿ ಅಲ್ಲೇ ಕಾಲಿಡ್ತಾರ,
ನನ್ನ ಮಗ ಟಂಟಂ ಹೊಡ್ಕೋತ ಸಿಳ್ಳು ಹಾಕ್ತಾನ,
ಅದ್ರಾಗೂ ಇದೇ ನಿ.
ನೀವು ಒಂದು ಎತ್ತಿದ್ರ
ಮನಿ ಮಂದಿಗೆಲ್ಲಾ ಎತ್ತಬೇಕಾಗ್ತದ."

ಸಿಟ್ಟು ಬಂತು. ಕಸಬಿನವರಿಗೆ ಒಂದು ಮಾನ ಇರ್ತದಲ್ಲ,
ತಪ್ಪು ಸ್ವರ ಬಿಟ್ಟು ಹೋದ ಅಂತ ನಾಳಿ ಯಾರರ ಅಂದರ?
ಅರ ಚೀಲಕ್ಕ ಹಾಕಿ ಸುಮ್ಮ ಊಟಕ್ಕ ಕೂತೆ.

ಪುಂಡಿ ಪಲ್ಯ, ನುಚ್ಚು ಹಾಕಿದ್ದು,
ಒಗ್ಗರಣಿ ಇನ್ನಾ ಚುರುಗುಡ್ಲತ್ತಿತ್ತು.
ಮೊದಲ ತುತ್ತಿಗೆ ಅಂದ್ಕೊಂಡೆ: ಉಪ್ಪು ಒಂದು ಚಿಟಿಕಿ ಜಾಸ್ತಿ.
ಎರಡನೆ ತುತ್ತಿಗೆ ನೀರು ಕುಡದೆ.
ಆಮ್ಯಾಲ ಹುಳಿ ಬಂದು
ಉಪ್ಪಿನ ಹೆಗಲ ಮ್ಯಾಲ ಕೈ ಹಾಕ್ತು,
ಮೊಸರು ಬಂತು, ಹಸಿ ಉಳ್ಳಾಗಡ್ಡಿ ಬಂತು,
ಐದನೆ ರೊಟ್ಟಿ ಯಾವಾಗ ಬಂತೋ.
"ಉಪ್ಪು ಹೆಂಗದ್ರಿ?" ಅತ್ತಿ ಕೇಳಿದಳು.
ಸುಗಲಾಬಾಯಿ ಹಂಚು ನೋಡ್ಲತ್ತಿದ್ದಳು.
"ಬರೋಬ್ಬರಿ ಅದ" ಅಂದೆ.

ನಾಕುನೂರು ಕೊಟ್ಟರು. ಮ್ಯಾಲ ಕಡಕ್ ರೊಟ್ಟಿ ಗಂಟು,
ಎರಡು ಕೆಂಪು ಬಾಳಿಹಣ್ಣು.
ಸಂಜಿ ಗಾಡಿಗೆ ಹುಮನಾಬಾದ ಕಡಿ ಹೊಂಟೆ.
ಸುರಂಗದಾಗ ಡಬ್ಬಿ ದೀಪ ಹತ್ತಲಿಲ್ಲ.
ಹುಡುಗರು ಕೂಗು ಹಾಕಿದರು,
ಯಾರದೋ ಮೊಬೈಲಿನ ಕವ್ವಾಲಿ ನಡುವೇ ತುಂಡಾತು.
ಕತ್ತಲದಾಗ ಗಂಟು ಬಿಚ್ಚಿ
ಕಟಮ್ ಅಂತ ರೊಟ್ಟಿ ಮುರದೆ.
"ಚಾಚಾ, ನನಗೂ" ಅಂತು ಎದುರು ಸೀಟಿನ ಕತ್ತಲ.
ಕೊಟ್ಟೆ. ಇನ್ನೊಂದು ಕೈ ಬಂತು. ಅದಕ್ಕೂ ಕೊಟ್ಟೆ.
ಬೆಳಕಿಗೆ ಬರೂದ್ರಾಗ ಡಬ್ಬಿ ತುಂಬಾ ಕಟಮ್ ಕಟಮ್,
ಯಾರ ತಾಳಕ್ಕೂ ಯಾರದೂ ಕೂಡಲಿಲ್ಲ.

ಕಣ್ಣು ಮುಚ್ಚಿ ಗಾಲಿ ಗುಂಗಿನಾಗ ಸಾ ಹುಡುಕಿದೆ.
ರಿ, ಗ, ಮ, ಗುನುಗುಕೋತ ಏರಿದೆ.
ನಿ ಬಂದಾಗ
ಮೂವತ್ತು ವರ್ಷದ ಈ ಗಂಟಲು
ಕೂದಲೆಳಿಯಷ್ಟು ಕೆಳಗ ಕೂತಿತ್ತು.

ಎತ್ತಲಿಲ್ಲ.
ಉಗುರಾಗ ಇನ್ನಾ ಹಿಟ್ಟಿತ್ತು.
ಹುಮನಾಬಾದ ಬಂತು.