ಚಾದರದ ಭಾರ

ರಾತ್ರಿ ಎರಡಕ್ಕೆ ಎಚ್ಚರವಾಯಿತು.
ಕೆಂಡವೇ ಬಿದ್ದಿದೆ ಎಂದುಕೊಂಡೆ.
ಬಿದ್ದದ್ದು ಚಾದರದ ಅಂಚು,
ಎಡಗಾಲ ಹೆಬ್ಬೆರಳ ಮೇಲೆ.

ಹತ್ತಿಯ ಚಾದರ, ಒಗೆದು ಒಗೆದು ಸವೆದದ್ದು,
ಅವತ್ತು ದೋಣಿಯಷ್ಟು ತೂಗಿತು.
ನೈರಿ ದೀಪ ಹಾಕಿದಳು; ಬೆಳಕೂ ತಾಗಿತು.
"ಮುಟ್ಟಬೇಡ" ಅಂದೆ. ಅವಳಿನ್ನೂ ಬಾಗಿಲಲ್ಲೇ ಇದ್ದಳು.

ಓಪೊತಿಕಿಯ ಧಕ್ಕೆಯಲ್ಲಿ ಹತ್ತೊಂಬತ್ತು ವರ್ಷ
ಹಸಿರಂಚಿನ ಪಚ್ಚಿಲೆಯ ಹಗ್ಗ ಎಳೆದವನು ನಾನು,
ಒದ್ದೆ ಹಗ್ಗ, ಒಂದೊಂದೂ ಒಂದು ಹಸುವಿನ ಭಾರ.
ಆ ಬೆಳಿಗ್ಗೆ ಕಾಲುಚೀಲಕ್ಕೆ ಸೋತೆ.

ಗೆಳೆಯರಿಗೆ ನಗು.
"ಮಾಡಿದ್ದುಣ್ಣೋ ಮಾರಾಯ,
ಶುಕ್ರವಾರದ ಬಿಯರು, ಭಾನುವಾರದ ಚಿಪ್ಪು!"
ನಾನೂ ನಕ್ಕೆ. ನಗದೆ ಏನು ಮಾಡಲಿ,
ಒಂದು ಕಾಲಿಗೆ ಗಂಬೂಟು, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ.

ಕ್ಲಿನಿಕ್ಕಿನ ನರ್ಸು ಮೆರೆಪೆಕ, ನನ್ನ ಸೋದರತ್ತೆಯ ಮೊಮ್ಮಗಳು,
ಮೊದಲು ಬೆರಳು ನೋಡಲಿಲ್ಲ, ಮುಖ ನೋಡಿದಳು.
"ಮಾವ, ಇದು ಹೊಟ್ಟೆಬಾಕತನದ ಲೆಕ್ಕ ಅಲ್ಲ.
ನಮ್ಮ ಮನೆತನದ ಮೂತ್ರಪಿಂಡ ಬಿಗಿಮುಷ್ಟಿಯದು:
ಹೊರಗೆ ಹಾಕಬೇಕಾದ ಯೂರಿಕ್ ಆಮ್ಲವನ್ನು
ಮತ್ತೆ ಮತ್ತೆ ಒಳಗೇ ಇಟ್ಟುಕೊಳ್ಳುತ್ತದೆ.
ಅದು ರಕ್ತದಲ್ಲಿ ತುಂಬಿ, ತಣ್ಣಗಿನ ತುದಿ ಹುಡುಕಿ,
ಕೀಲಿನಲ್ಲಿ ಉಪ್ಪಾಗಿ ಕೂರುತ್ತದೆ, ಸೂಜಿ ಸೂಜಿ.
ಬಿಯರು ಗಾಳಿ ಊದಿತು, ಸಿಹಿ ಸೋಡಾವೂ ಊದಿತು.
ಕೆಂಡ ಮಾತ್ರ ಅಜ್ಜಂದಿರದು."

ಅಜ್ಜಂದಿರದು.
ಅಪ್ಪ ನೆನಪಾದ. ಗೋಡೆ ಹಿಡಿದು ನಡೆಯುತ್ತಿದ್ದ,
"ಹಳೇ ರಗ್ಬಿ ಪೆಟ್ಟು" ಅನ್ನುತ್ತಿದ್ದ.
ಅವನು ರಗ್ಬಿ ಆಡಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ.
ಅವನ ಕಿವಿಯಂಚಿನಲ್ಲಿ ಸುಣ್ಣದ ಬಣ್ಣದ ಗಂಟು;
ಮಕ್ಕಳು ನಾವು ಅದನ್ನು ಮುತ್ತು ಅಂದುಕೊಂಡಿದ್ದೆವು.

ಉಪ್ಪು ತಿಂದವ ನೀರು ಕುಡಿಯಬೇಕು, ಸರಿ.
ಯಾರೋ ತಿಂದ ಉಪ್ಪಿಗೆ ನಾನು ಕುಡಿಯುತ್ತಿದ್ದೇನೆ,
ದಿನಕ್ಕೆ ಎಂಟು ಲೋಟ.
ನೋವಿನ ವಾರ ಮಂಜುಗಡ್ಡೆ, ದಿಂಬಿನ ಮೇಲೆ ಕಾಲು,
ಬೇಗ ನುಂಗಿದಷ್ಟೂ ಬೇಗ ಇಳಿಸುವ ಗುಳಿಗೆ.
ಆಮೇಲೆ ದಿನಕ್ಕೊಂದು, ಬಿಳಿಯದು, ನೋವಿಲ್ಲದ ದಿನವೂ.
ಮೊದಲ ತಿಂಗಳುಗಳಲ್ಲಿ, ಹರಳು ಕರಗುವಾಗ,
ಮತ್ತೆ ಕಚ್ಚಬಹುದು ಎಂದಿದ್ದಳು. ಕಚ್ಚಿತು.
ಬಿಡಬೇಡ ಎಂದಿದ್ದಳು. ಬಿಟ್ಟೆ.
ಮತ್ತೆ ಹಿಡಿದೆ.

ನಿನ್ನೆ ಧಕ್ಕೆಗೆ ಮನಾಕಿ, ಹೊಸ ಹುಡುಗ, ಇಪ್ಪತ್ತಮೂರು,
ಕುಂಟುತ್ತ ಬಂದ. "ಹಗ್ಗಕ್ಕೆ ಎಡವಿದೆ" ಅಂದ.
ಉಳಿದವರು ನಗಲು ಬಾಯಿ ತೆರೆಯುವ ಮೊದಲೇ
ಐಸಿನ ಪೆಟ್ಟಿಗೆ ಎಳೆದು ಅವನೆದುರು ಕೂತೆ:
"ಬೂಟು ಬಿಚ್ಚು. ನಿಧಾನ.
ನಾನು ಮುಟ್ಟುವುದಿಲ್ಲ."