ನಾಲ್ವರು ರಿಯಾಂಶ್

ಏಳನೇ ತಿಂಗಳು, ಕಾಲು ಊದಿದ್ದಾಗ
ಮೊಬೈಲು ತೀಡಿ ತೀಡಿ ಹುಡುಕಿದ ಹೆಸರು:
ರಿಯಾಂಶ್. ಯಾರೂ ಇಟ್ಟಿರಲಾರರು ಅಂದುಕೊಂಡಿದ್ದೆ.

ನಮ್ಮತ್ತೆ ಮುನಿನಂಜಮ್ಮ
ಮೂವತ್ತು ವರ್ಷದಿಂದ ಬಿಸಿನೀರಿಗೆ ಕೈಯಿಟ್ಟು
ತೇಲುವ ಗೂಡಿನಲ್ಲಿ ಎಳೆಯ ತುದಿ ಹಿಡಿಯುವವಳು.
ಈ ಹೆಸರಿಗೆ ಮಾತ್ರ ತುದಿಯೇ ಸಿಗಲಿಲ್ಲ.
‘ರೀ... ರಿಯಾ... ಎಂಥದೋ ಬಿಡು, ರ‍್ಯಾಂಸು.’

‘ಶ್, ಅತ್ತೆ, ಶ್’ ಅಂದರೆ
ಮಗು ಮಲಗಿತೇನೋ ಅಂತ
ಬಾಯಿಗೆ ಸೆರಗು ಹಿಡಿದು ಸುಮ್ಮನಾಗುತ್ತಾಳೆ.

ಬಸ್ಸಿನ ಹಣೆಯ ಮೇಲೆ ಶಿಡ್ಲಘಟ್ಟ ಅಂತಲೇ ಇದೆ;
ಒಳಗೆ ಕೂತವರೆಲ್ಲ ಹೋಗುವುದು ಸಿಡ್ಲಘಟ್ಟಕ್ಕೆ.
ನಾನೂ.

ಅಂಗನವಾಡಿಗೆ ಸೇರಿಸಿದ ದಿನ
ಹಾಜರಿ ಪುಸ್ತಕದಲ್ಲಿ ಆಗಲೇ ಮೂವರಿದ್ದರು:
ಬೇಕರಿಯವರ ಮಗ, ಕಂಡಕ್ಟರನ ಮಗ,
ಇನ್ನೊಬ್ಬನ ಸ್ಪೆಲ್ಲಿಂಗಿನಲ್ಲಿ ಒಂದು ‘ಹೆಚ್’ ಜಾಸ್ತಿ,
ಅದಕ್ಕೇ ಅವನ ತಾಯಿಗೆ ಅಷ್ಟು ಬಿಗುಮಾನ.

ನಿನ್ನೆ ಸಂಜೆ ಬಾಗಿಲಲ್ಲಿ ನಿಂತು ಕರೆದೆ.
ನಾಲ್ಕು ಮುಖ ನನ್ನತ್ತ ತಿರುಗಿದವು,
ನನ್ನವನದು ಕಟ್ಟಕಡೆಗೆ.
ಅಷ್ಟರಲ್ಲಿ ಬೆನ್ನ ಹಿಂದೆ
ಬೆಂದ ಗೂಡಿನ ವಾಸನೆ,
‘ಲೇ ರ‍್ಯಾಂಸೂ!’

ಉಪ್ಪಿಟ್ಟಿನ ತಟ್ಟೆ ಒದ್ದುಕೊಂಡು ಓಡಿದ, ಒಬ್ಬನೇ,
ನನ್ನನ್ನು ದಾಟಿ.
ಉಳಿದ ಮೂವರು
ಇನ್ನೂ ನನ್ನನ್ನೇ ನೋಡುತ್ತಿದ್ದರು.