ನನಗ ಬದಲಿ ನಾನ

ಬೆಟಗೇರಿ ಹಾಕಿ ಸಂಘದಾಗ ನಾ ಗೋಲಿ.
ಗೋಲಿ ಅಂದರ ಸೋಡಾ ಅಲ್ಲ, ಕಂಬದ ನಡುವ ನಿಂದ್ರಾಂವ.
ಹೆಸರು ದ್ಯಾಮಣ್ಣ. ಹಗಲು ಮಗ್ಗ, ಸಂಜೀಕ ಮೈದಾನ,
ಎರಡೂ ಕಡೆ ಕೆಲಸ ಒಂದ:
ತೂತು ಬೀಳದಂಗ ನೋಡೂದು.

ಕಾರ್ಯದರ್ಶಿ ಕೊರ್ಲಹಳ್ಳಿ ತೋಟಪ್ಪ ಛಾಪಖಾನಿ ಮನಶ್ಯಾ.
ಲಗ್ನಪತ್ರಿಕಿ ಅಚ್ಚು ಹಾಕಿ ಹಾಕಿ
ಯಾರನ್ನ ಯಾರಿಗೆ ಕೊಡೂದು ಅಂತ
ವಿಚಾರ ಮಾಡೂದು ಅವನ ಕೈಚಳಕ ಆಗಿತ್ತು.

ಮೊದಲ ಹೋದಂವ ಲೆಫ್ಟ್ ಔಟ್ ಬಾಬಾಜಾನ, ಹಾವೇರಿಗೆ.
ಬದಲಿ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ.
ಡಬ್ಬಿ ಅಂತ ಮಾತಾಗಿತ್ತು, ಬಂದದ್ದು ಕಡ್ಡಿ,
ತಳದಾಗ ಗುಂಟೂರು.
ತೋಟಪ್ಪ ಕಾಗದ ಬರದ: ಮಾಲು ಕಲಬೆರಕಿ ಐತಿ.
ಹಾವೇರಿಂದ ಉತ್ತರ ಬಂತು:
ನಿಮ್ಮ ಮಾಲೂ ಬಲಗಾಲು ಎಳೀತೈತಿ,
ನಾವೇನರ ಅಂದೇವೇನು?

ಆಮ್ಯಾಲೆ ಗದಗಿನ ಸಂಘದ ಕೂಡ
ಹಾಫ್‌ಬ್ಯಾಕಿಗೆ ಹಾಫ್‌ಬ್ಯಾಕ್, ಸಮಾಸಮ.
ಅಂಗಿ ಬದಲಾತು, ಕಣ್ಣು ಬದಲಾಗಲಿಲ್ಲ.
ಹಳೇ ಗೆಳ್ಯಾ "ಲೇ" ಅಂದರ ಸಾಕು
ಚೆಂಡು ಅತ್ತಾಗ ಕೊಡತಿದ್ರು ಇಬ್ಬರೂ.
ಆ ಪಂದ್ಯ ಗೆದ್ದವರು ಯಾರಂತ
ರೆಫ್ರಿ ಸಾಯೂತನಕ ಹೇಳಲಿಲ್ಲ.

ಮೂರನೇದಂವ ನಾ.
ಹುಬ್ಬಳ್ಳಿ ರೈಲ್ವೆ ಕಾಲನಿ ಗೋಲಿಗೆ ಹೆಬ್ಬಟ್ಟು ಮುರದಿತ್ತು.
ಕೆಟ್ಟ ಲಗ್ನಪತ್ರಿಕಿ ಬೆನ್ನಮ್ಯಾಲೆ ಕರಾರು ಆತು,
ಮುಂದಿನ ಮಗ್ಗಲ ಬಂಗಾರದ ಅಕ್ಷರದಾಗ ಚಿ. ಸೌ.,
ಹಿಂದ ತೋಟಪ್ಪನ ನೀಲಿ ಶಾಯಿ:
"ದ್ಯಾಮಣ್ಣನ್ನ ಕೊಟ್ಟೇವಿ.
ಬದಲಿಗೆ ಒಬ್ಬ ಆಟಗಾರ,
ಹೆಸರು ಆಮ್ಯಾಲೆ ತಿಳಸತಕ್ಕದ್ದು."

ಸಂಕವ್ವ ಬುತ್ತಿ ಕಟ್ಟಿಗೋತ ಕೇಳಿದ್ಲು,
ನಿನ್ನ ಬೆಲಿ ಎಷ್ಟು?
ಆಮ್ಯಾಲೆ ತಿಳಸ್ತಾರಂತ.
"ನಿನ್ನ ಪಗಾರ ಎಷ್ಟಂತ ಕೇಳಿದಾಗ
ನಮ್ಮಪ್ಪಗೂ ನಿಮ್ಮವರು ಇದನ್ನ ಅಂದಿದ್ರು."

ಹುಲಕೋಟಿ, ಅಣ್ಣಿಗೇರಿ, ಹೆಬಸೂರು, ಕುಸುಗಲ್ಲು,
ಪ್ಯಾಸೆಂಜರ್ ಗಾಡಿ ನಿಂತಲ್ಲೆಲ್ಲಾ ಇಳಿದು ನೋಡಿದೆ,
ನನಗ ಬದಲಿ ಯಾವನರ ಎದುರಿಂದ ಬರಾಕತ್ತಾನೇನು ಅಂತ.

ಹುಬ್ಬಳ್ಳ್ಯಾಗ ಮೊದಲನೇ ಪಂದ್ಯ, ಆರು ಗೋಲು.
ಎರಡನೇದು, ಏಳು.
ಮೂರನೇದರಾಗ ಮೈದಾನದ ಬಾಜೂಕ
ಒಂದು ಗೂಡ್ಸ್ ಗಾಡಿ ಹೊಂಟಿತ್ತು, ಡಬ್ಬಿ ಎಣಸಾಕತ್ತಿದ್ದೆ.
ನಲವತ್ತೊಂದು ಡಬ್ಬಿ. ಗೋಲು ಎಣಸಲಿಲ್ಲ.

ಇಪ್ಪತ್ತೇಳನೇ ದಿನಕ್ಕ ಕಾಲನಿ ಮ್ಯಾನೇಜರ್ ಪಾಕ್ಯನಾದನ್
ಟಪಾಲು ಹಾಕಿದ, ಭಾಳ ಮರ್ಯಾದಸ್ಥ ಮನಶ್ಯಾ:
"ತಮ್ಮ ಕರಾರಿನ ಪ್ರಕಾರ ಕೊಡಬೇಕಾದ ಆಟಗಾರನ ಹೆಸರು
ಈಗ ನಿಕ್ಕಿ ಆಗೇತಿ.
ದ್ಯಾಮಣ್ಣ."

ತೋಟಪ್ಪ ಕನ್ನಡಕ ತಗದ, ಒರಸಿದ, ಹಾಕ್ಕೊಂಡ.
ಓದಿದ. ಮತ್ತ ಓದಿದ.
ಕರಾರಿನಾಗ ಎಲ್ಲೂ ಹುಳುಕಿಲ್ಲ.
ರಿಜಿಸ್ಟರಿನಾಗ ಬರದ:
ಕೊಟ್ಟದ್ದು ಗೋಲಿ ಒಂದು. ಬಂದದ್ದು ಗೋಲಿ ಒಂದು.
ಬಾಕಿ, ರೈಲಿನ ಖರ್ಚು, ಯಾರು ಕೊಡೂದು?

ಮಂದಿ ನಗ್ತು. ಮಗ್ಗದ ಓಣ್ಯಾಗ ಲಾಳಿ ಸದ್ದೂ
ಹೋದಂವ ಬಂದ, ಬಂದಂವ ಹೋದ, ಅಂದಂಗ ಕೇಳ್ತಿತ್ತು.
ನಾನೂ ನಕ್ಕೆ. ಆಮ್ಯಾಲೆ ಒಂದು ಸಂಜೀಕ
ಖಾಲಿ ಕಂಬದ ನಡುವ ನಿಂತು ಲೆಕ್ಕಾ ಹಾಕಿದೆ:
ಬಾಬಾಜಾನಗ ಬದಲಿ ಬಂದದ್ದು ಕಲಬೆರಕಿ,
ಹಾಫ್‌ಬ್ಯಾಕಿಗೆ ಬದಲಿ ಬಂದದ್ದು ಅರ್ಧ ಮನಸು.
ಗುಂಜಿ ಕಡಿಮಿ ಇಲ್ಲದ, ಗುಂಜಿ ಹೆಚ್ಚಿಲ್ಲದ
ತಕ್ಕಡಿ ಸರಿ ನಿಂತದ್ದು
ನನ್ನ ವ್ಯಾಪಾರದಾಗ ಅಷ್ಟ.

ಬಂದ ರಾತ್ರಿ ಸಂಕವ್ವ ಕಂದೀಲು ಮುಖದ ಹಂತ್ಯಾಕ ಹಿಡದು,
"ಹೋದಂವನ ಬಂದೀಯೋ,
ಬದಲಿ ಮಾಲು ಕಳಸ್ಯಾರೋ?" ಅಂದ್ಲು.
ಎಡಗಾಲ ಮೊಣಕಾಲು ತೋರಿಸಿದೆ, ಹಳೇ ಗಾಯ ಅಲ್ಲೇ ಇತ್ತು.
ಬುತ್ತಿ ಅರಬಿ ಬಿಚ್ಚಿ ನೋಡಿದ್ಲು.
"ನಮ್ಮ ಡಬ್ಬಿ ಎಲ್ಲಿ?"

ಡಬ್ಬಿ ಹುಬ್ಬಳ್ಳ್ಯಾಗ ಉಳದಿತ್ತು.